ಅಕ್ಕಿ ಕಚ್ಚಿ ಗುರುತಿಸಿದ ಫಿರಂಗಿ ಗುಂಡು

ಆ ಕಲ್ಲಿಗೆ ನಾನು ತೆತ್ತದ್ದು ಸಾವಿರದ ಇನ್ನೂರು ರಿಂಗಿಟ್. ನಗದು. ಸಿಪ್ಪೆ ಸುಲಿದ ತೆಂಗಿನಕಾಯಿಗಿಂತ ಒಂದು ಸುತ್ತು ದಪ್ಪ, ಐದು ಕಿಲೋ ಹತ್ತಿರದ ಭಾರ, ಒಂದು ಕಡೆ ನುಣುಪು, ಉಳಿದ ಕಡೆಯೆಲ್ಲ ತರಿತರಿ. ಅಷ್ಟು ದುಡ್ಡಿಗೆ ನನ್ನ ಅಂಗಡಿಯಲ್ಲಿ ರಿಪೇರಿ ಮಾಡಿಟ್ಟ ಎರಡು ವೆಟ್ ಗ್ರೈಂಡರ್ ಬರುತ್ತವೆ, ಮನೆಗೆ ತಂದು ಕೂರಿಸಿಕೊಡುವುದೂ ಸೇರಿ. ಹೊಟ್ಟೆ ಉರಿಯುವ ಸಂಗತಿ ಏನೆಂದರೆ, ಆ ಕಲ್ಲು ಮೊದಲ ಸಲ ನನ್ನ ಕೈಗೆ ಬಂದದ್ದು ಪುಕ್ಕಟೆ. ಎರಡನೇ ಸಲ ಬರುವಾಗ ದುಡ್ಡು ಬಿಚ್ಚಬೇಕಾಯಿತು. ಯಾಕೆ ಅಂದರೆ, ಪುಕ್ಕಟೆ ಬಂದದ್ದನ್ನು ನಾನು ನಂಬಲಿಲ್ಲ.

ನಂಬದಿರುವುದು ನನ್ನ ಕಸುಬು. ಕರಾವಳಿಯ ಒಂದು ಹೊಳೆಬಾಯಿಯ ಊರಿನವನು ನಾನು. ಹೋಟೆಲಿನ ಅಡಿಗೆಮನೆಯಲ್ಲಿ ಹಿಟ್ಟು ರುಬ್ಬಲಿಕ್ಕೆ ಅಂತ ಕಡಲಾಚೆಯ ಈ ಮಲಯ್ ನಾಡಿನ ಪೆಟಾಲಿಂಗ್ ಜಯಾಕ್ಕೆ ಬಂದವನು, ರುಬ್ಬುವ ಯಂತ್ರ ಕೆಟ್ಟಾಗ ಮಾಲೀಕನಿಗೆ ರಿಪೇರಿಯವನು ಹೇಳುತ್ತಿದ್ದ ರೇಟು ಕೇಳಿ ತಲೆ ತಿರುಗಿ, ನಾನೇ ಬಿಚ್ಚಿ ನೋಡಲು ಕಲಿತೆ. ಮೋಟಾರಿಗಿಂತ ಕಲ್ಲಿನದ್ದೇ ದೊಡ್ಡ ಕಥೆ. ಸವೆದ ಕಲ್ಲಿಗೆ ಉಳಿ ಹಿಡಿದು ಕುಟ್ಟಿ ಮತ್ತೆ ತರಿ ಮಾಡಬೇಕು. ಜಾಸ್ತಿ ಕುಟ್ಟಿದರೆ ಮರಳು ಬಿಡುತ್ತದೆ, ಕಡಿಮೆ ಕುಟ್ಟಿದರೆ ಉದ್ದು ಜಾರುತ್ತದೆ. ಈಗ ಪುಚೊಂಗಿನಲ್ಲಿ ನನ್ನದೇ ಅಂಗಡಿ. ಸೈಬರ್‌ಜಯಾದ ಸಾಫ್ಟ್‌ವೇರ್ ಜನ ಊರಿಗೆ ವಾಪಸ್ ಹೋಗುವಾಗ ಗ್ರೈಂಡರ್ ನನಗೆ ಮಾರಿ ಹೋಗುತ್ತಾರೆ, ಹೊಸದಾಗಿ ಬಂದವರು ಅದನ್ನೇ ನನ್ನಿಂದ ಕೊಳ್ಳುತ್ತಾರೆ. ಮಾರುವವರು "ಹೆಚ್ಚು ಉಪಯೋಗಿಸಿಯೇ ಇಲ್ಲ" ಅನ್ನುತ್ತಾರೆ. ನಾನು ನಂಬುವುದಿಲ್ಲ. ಕೊಳ್ಳುವವರು "ಬೇರೆ ಕಡೆ ಕಡಿಮೆಗೆ ಸಿಗುತ್ತೆ" ಅನ್ನುತ್ತಾರೆ. ಅದನ್ನೂ ನಂಬುವುದಿಲ್ಲ. ಹೀಗೆ ಎರಡೂ ಕಡೆ ನಂಬದೆ ಮನೆ ಕಟ್ಟಿದ್ದೇನೆ, ಮಗಳನ್ನು ಓದಿಸಿದ್ದೇನೆ.

ಮಗಳು ಹುಟ್ಟಿದ್ದು ಇಲ್ಲೇ. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಕಂಪ್ಯೂಟರ್ ಓದು ಅಂದರೆ ಇತಿಹಾಸ ಹಿಡಿದಳು. ಕೊನೆಯ ವರ್ಷ ಅವಳ ಕಾಲೇಜಿನಲ್ಲಿ ಒಂದು ಪ್ರದರ್ಶನ. ಪ್ರತಿಯೊಬ್ಬರೂ ಒಂದು ಹಳೆಯ ವಸ್ತು ತಂದಿಟ್ಟು ಅದರ ಹಿಂದಿನ ಕಥೆ ಬರೆಯಬೇಕು. ಅವಳು ಆರಿಸಿಕೊಂಡದ್ದು ಮಲಾಕಾ ಕೋಟೆಗಾಗಿ ನಡೆದ ಯುದ್ಧಗಳು. ವಸ್ತುವನ್ನೂ ಅವಳೇ ಹುಡುಕಿದ್ದಳು. ಮಲಾಕಾದಲ್ಲಿ ಸಮುದ್ರದ ಪಕ್ಕ ಪೋರ್ಚುಗೀಸ್ ಮೂಲದವರ ಒಂದು ಕೇರಿ ಇದೆ. ಅಲ್ಲಿನ ಒಬ್ಬ ಮುದುಕಿಯ ಮನೆಯಲ್ಲಿ ಕಲ್ಲಿನ ಫಿರಂಗಿ ಗುಂಡು ಇದೆಯಂತೆ, ಕೊಡುತ್ತಾಳಂತೆ.

"ಎಷ್ಟಕ್ಕೆ?" ಅಂದೆ.

"ಫ್ರೀ, ಅಪ್ಪಾ. ಶೀ ಈಸ್ ಲೆಂಡಿಂಗ್ ಇಟ್."

"ಅವಳಿಗೆ ಇದರಲ್ಲಿ ಎಂತ ಲಾಭ?"

"ಅಪ್ಪಾ, ಪ್ಲೀಸ್. ಜಸ್ಟ್ ಡ್ರೈವ್."

ಭಾನುವಾರ ಬೆಳಿಗ್ಗೆ ನನ್ನ ವ್ಯಾನಿನಲ್ಲಿ ಹೊರಟೆವು. ಹೆದ್ದಾರಿಯ ಉದ್ದಕ್ಕೂ ಅವಳ ಪಾಠ. ಪೋರ್ಚುಗೀಸರು ಹಡಗಲ್ಲಿ ಬಂದು ಮಲಾಕಾ ಹಿಡಿದು ಕೋಟೆ ಕಟ್ಟಿದರು. ಓಡಿಹೋದ ಸುಲ್ತಾನನ ಮನೆತನ ಜೋಹೋರಿನಲ್ಲಿ ಕೂತು ಅದನ್ನು ವಾಪಸ್ ಪಡೆಯಲು ನೋಡುತ್ತಲೇ ಇತ್ತು. ಸುಮಾತ್ರಾ ಕಡೆಯ ಅಚೆಹ್ ಸುಲ್ತಾನರು ಒಮ್ಮೆ ಪೋರ್ಚುಗೀಸರ ಮೇಲೆ ಬೀಳುತ್ತಿದ್ದರು, ಒಮ್ಮೆ ಜೋಹೋರಿನ ಮೇಲೆ. ನೂರು ವರ್ಷಕ್ಕೂ ಮೇಲೆ ಹೀಗೇ. ಕೊನೆಗೆ ಜೋಹೋರಿನವರು ಡಚ್ಚರನ್ನು ಜೊತೆಗೆ ಸೇರಿಸಿಕೊಂಡರು. ಪೋರ್ಚುಗೀಸರು ಸೋತರು. ಕೋಟೆ ಡಚ್ಚರದ್ದಾಯಿತು.

"ಮತ್ತೆ ಜೋಹೋರಿನವರಿಗೆ?"

ವ್ಯಾಪಾರಕ್ಕೆ ಸ್ವಲ್ಪ ರಿಯಾಯಿತಿ ಸಿಕ್ಕಿತು ಅಂದಳು.

ನನಗೆ ನಗು ಬಂತು. "ಕೋಟೆ ಬೇಕು ಅಂತ ಹೊರಟವ ರಿಯಾಯಿತಿ ತಕೊಂಡು ಮನೆಗೆ ಬಂದನಾ? ಬಲವಂತನನ್ನು ಸಹಾಯಕ್ಕೆ ಕರೆಯುವಾಗ ಮೊದಲೇ ಮಾತಾಡಿಕೊಳ್ಳಬೇಕು ಮಾರಾಯ್ತಿ, ಕೆಲಸ ಮುಗಿದ ಮೇಲೆ ನೀನು ಯಾವಾಗ ಹೋಗ್ತಿ ಅಂತ!"

ನಮ್ಮೂರಿಗೂ ಇದು ಹೊಸದಲ್ಲ. ಅಲ್ಲೂ ಹೊಳೆಬಾಯಿಗಾಗಿ ಪೋರ್ಚುಗೀಸರು ಒಂದು ಕಡೆ, ಘಟ್ಟದ ಮೇಲಿನ ನಾಯಕರು ಒಂದು ಕಡೆ ಎಳೆದಾಡಿದವರೇ. ನಮ್ಮ ಹಿರಿಯರು ಇಬ್ಬರಿಗೂ ಅಕ್ಕಿ ಅಳೆದು ಕೊಟ್ಟವರು. ಆಗಿನ ಕೋಟೆಯ ಕೆಂಪುಕಲ್ಲು ಈಗ ಊರಿನ ಅರ್ಧ ಬಾವಿಕಟ್ಟೆಗಳಲ್ಲಿದೆ. ಕರಾವಳಿಯ ಅಕ್ಕಿ ಹಡಗಿನಲ್ಲಿ ಇಷ್ಟು ದೂರ ಬಂದು ಮಲಾಕಾ ಕೋಟೆಯ ಸಿಪಾಯಿಗಳ ಹೊಟ್ಟೆಗೂ ಹೋಗುತ್ತಿತ್ತು ಅಂತ ಮಗಳು ಹೇಳಿದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: "ಯಾವ ರೇಟಿಗೆ?" ಅವಳು ಇಯರ್‌ಫೋನ್ ಹಾಕಿಕೊಂಡಳು.

ಮುದುಕಿಯ ಮನೆ ಚಿಕ್ಕದು, ಮುಂದೆ ಬಲೆ ಒಣಗಲು ಹಾಕಿತ್ತು. ನಾವು ಹೋದಾಗ ಅವಳು ಹಿಂದಿನ ಅಡಿಗೆಮನೆಯಲ್ಲಿ ನೆಲದ ಮೇಲೆ ಕೂತು, ಸವೆದ ಚಪ್ಪಡಿಯೊಂದರ ಮೇಲೆ ಅದೇ ಗುಂಡನ್ನು ಎರಡು ಕೈಯಲ್ಲಿ ಉರುಳಿಸುತ್ತ ಕೆಂಪು ಮೆಣಸು ಅರೆಯುತ್ತಿದ್ದಳು. ಜೊತೆಗೆ ಬೆಲಚಾನ್, ಅಂದರೆ ಸಿಗಡಿ ಅರೆದು ಗಟ್ಟಿ ಕಟ್ಟಿದ್ದು. ಮೀನು ತಿಂದು ಬೆಳೆದ ನನಗೇ ಮೂಗು ಉರಿಯಿತು. ಇಂಗ್ಲಿಷು, ಮಲಯ್ ಎರಡೂ ಬೆರೆಸಿ, ಇಲ್ಲಿನ ಎಲ್ಲರ ಹಾಗೆ ಮಾತಿನ ಬಾಲಕ್ಕೆ ಒಂದು "ಲಾ" ಸೇರಿಸಿ ಮಾತಾಡುತ್ತಿದ್ದಳು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮಾತು ಹೀಗಿತ್ತು.

"ಬಾ ಗರ್ಲ್. ಇವನು ನಿನ್ನ ಡ್ರೈವರಾ?"

"ನನ್ನ ಅಪ್ಪ, ಆಂಟಿ."

"ಅಯ್ಯೋ, ಸಾರಿ ಲಾ ಮಿಸ್ಟರ್. ಕೂತ್ಕೋ."

ಇದು ಯಾರು ಹಾರಿಸಿದ ಗುಂಡು ಅಂತ ಕೇಳಿದೆ.

"ನನ್ನಜ್ಜಿ ಅಚೆಹ್‌ನವರು ಅಂತಿದ್ದಳು, ಅಜ್ಜ ಜೋಹೋರ್ ಅಂತಿದ್ದ. ಊಟಕ್ಕೆ ಕೂತಾಗೆಲ್ಲ ಇದೇ ಜಗಳ. ಯಾರು ಹೊಡೆದರೋ ಯಾರಿಗೆ ಗೊತ್ತು? ನಮ್ಮ ಮೇಲೆ ಬಿತ್ತು, ನಾವು ಇಟ್ಕೊಂಡ್ವಿ."

ಗುಂಡನ್ನು ನೀರಲ್ಲಿ ತೊಳೆದು, ಹಳೆಯ ಸರೋಂಗ್, ಅಂದರೆ ಲುಂಗಿಯ ಬಟ್ಟೆಯಲ್ಲಿ ಸುತ್ತಿ ಮಗಳ ಮಡಿಲಿಗೆ ಹಾಕಿದಳು. ಷರತ್ತು ಒಂದೇ. ಕ್ರಿಸ್‌ಮಸ್‌ಗೆ ಮುಂಚೆ ಇದು ಈ ಅಡಿಗೆಮನೆಗೆ ವಾಪಸ್ ಬರಬೇಕು. ಆ ದಿನ ಅವಳ ಮಕ್ಕಳು, ಮೊಮ್ಮಕ್ಕಳು ಎಲ್ಲ ಬರುತ್ತಾರೆ. ಮಸಾಲೆ ಇದರಲ್ಲೇ ಅರೆಯಬೇಕು, ಮಿಕ್ಸಿಯಲ್ಲಿ ಅರೆದರೆ ಅವಳ ದೊಡ್ಡ ಮಗ ತಟ್ಟೆ ದೂಡುತ್ತಾನೆ.

"ಐ ಪ್ರಾಮಿಸ್, ಆಂಟಿ," ಅಂದಳು ಮಗಳು.

ನಾನು ಕಾಗದ, ಪೆನ್ನು ತೆಗೆದೆ. ಇಂಥ ದಿನ, ಇಷ್ಟು ತೂಕದ ಕಲ್ಲು ಕೊಟ್ಟಿದ್ದೇನೆ ಅಂತ ಒಂದು ಸಾಲು ಬರೆದು ಸಹಿ ಹಾಕು ಅಂದೆ. ಮುದುಕಿ ಮೆಣಸಿನ ಕೈ ಎತ್ತಿ ತೋರಿಸಿದಳು. "ಈ ಕೈಯಲ್ಲಾ? ಬೇಡ ಲಾ. ರಸೀದಿ ಬೇಕಾಗಿಲ್ಲ. ನನ್ನ ಕಲ್ಲು ನನಗೆ ಗೊತ್ತು."

ಆ ಮಾತು ನನ್ನ ತಲೆಯಲ್ಲಿ ಕೂತಿತು. ವಾಪಸ್ ಬರುವ ದಾರಿಯಲ್ಲಿ ಅದನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ರಸೀದಿ ಬೇಡ ಅನ್ನುವವರು ಇಬ್ಬರೇ. ಒಬ್ಬ ಪೆದ್ದ, ಇನ್ನೊಬ್ಬ ನಾಳೆ ಜಗಳ ತೆಗೆಯುವವ. ಇವಳು ಪೆದ್ದಿಯಂತೆ ಕಾಣಲಿಲ್ಲ. ನಾಳೆ ಕಲ್ಲು ವಾಪಸ್ ಕೊಟ್ಟಾಗ "ಇದು ನಂದಲ್ಲ, ನೀವು ಬದಲಾಯಿಸಿದ್ದೀರಿ, ನಾನೂರು ವರ್ಷದ ಗುಂಡು, ಲಕ್ಷ ಕೊಡಿ" ಅಂದರೆ? ನನ್ನ ಮಗಳ ಹೆಸರು ಕಾಲೇಜಿನಲ್ಲಿ ಏನಾಗಬೇಕು?

ಮನೆಯಲ್ಲಿ ಬೇರೆಯೇ ಗಲಾಟೆ. ನನ್ನ ಹೆಂಡತಿ ಮೈಸೂರಿನವಳು, ಮೊಟ್ಟೆಯನ್ನೂ ಮನೆಯೊಳಗೆ ಸೇರಿಸದವಳು.

"ಏನ್ರೀ ಇದು ವಾಸನೆ! ದೇವರ ಮನೆ ಇರೋ ಮನೆಗೆ ಇದನ್ನ ಹೊತ್ಕೊಂಡು ಬಂದಿದ್ದೀರಲ್ಲ!"

"ಯುದ್ಧದ ಗುಂಡು ಕಣೆ. ಇತಿಹಾಸ."

"ಇತಿಹಾಸನ ಬಾಲ್ಕನೀಲಿ ಇಡಿ. ಸೋಪು ಹಾಕಿ ಉಜ್ಜಿ ಇಡಿ."

ಉಜ್ಜಿದೆ. ಪಾತ್ರೆ ಸೋಪು, ನಿಂಬೆಹುಳಿ, ತಂತಿಬ್ರಷ್. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡೆ. ಆ ಕಲ್ಲಿಗಿದ್ದ ದೊಡ್ಡ ಗುರುತು ಆ ವಾಸನೆಯೇ ಅನ್ನುವುದು ಆಗ ಹೊಳೆಯಲಿಲ್ಲ.

ಪ್ರದರ್ಶನ ಚೆನ್ನಾಗಿ ಆಯಿತು. ಗುಂಡನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಯಾವ ಸೈನ್ಯದ್ದೆಂದು ಗೊತ್ತಿಲ್ಲ, ಸದ್ಯಕ್ಕೆ ಮೆಣಸು ಅರೆಯುತ್ತದೆ ಅಂತ ಮಗಳು ಬರೆದಿದ್ದಳು. ಎಲ್ಲರೂ ಫೋಟೋ ಹೊಡೆದುಕೊಂಡರು. ಮರುವಾರ ಮಲಾಕಾಕ್ಕೆ ಹೋಗಿ ಕೊಟ್ಟು ಬರುವುದು ಅಂತ ತೀರ್ಮಾನ. ಅಷ್ಟಕ್ಕೆ ನಾನು ಸುಮ್ಮನಿದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಪೆಟಾಲಿಂಗ್ ಜಯಾದಲ್ಲಿ ಹಳೇ ಸಾಮಾನಿನ ಒಬ್ಬ ವ್ಯಾಪಾರಿ ಇದ್ದಾನೆ. ಅವನಿಂದ ಹಳೆಯ ಮೋಟಾರುಗಳನ್ನು ಕೊಂಡದ್ದುಂಟು. ಗಡಿಯಾರ, ಕತ್ತಿ, ದೀಪದ ಕಂಬ, ಎಲ್ಲ ಮಾರುತ್ತಾನೆ. ಅವನನ್ನೂ ನಾನು ನಂಬುತ್ತಿರಲಿಲ್ಲ. ಆದರೆ ಮುದುಕಿಯ ಮೇಲಿನ ಅನುಮಾನ ಅವನ ಮೇಲಿನದಕ್ಕಿಂತ ಜಾಸ್ತಿ ಇತ್ತು. ಅವನಂಥ ಬಾಯಿಬಲ ಇರುವವನಿಂದ ಇದರ ಬೆಲೆ ಇಷ್ಟೇ ಅಂತ ಒಂದು ಕಾಗದ ಬರೆಸಿಟ್ಟುಕೊಂಡರೆ ಮುದುಕಿ ನಾಳೆ ಬಾಲ ಬಿಚ್ಚುವುದಿಲ್ಲ ಅಂತ ನನ್ನ ಲೆಕ್ಕ. ಮಗಳು ಕಾಲೇಜಿಗೆ ಹೋದ ಮೇಲೆ, ಹೆಂಡತಿಗೂ ಹೇಳದೆ, ಸರೋಂಗ್ ಸಮೇತ ಗುಂಡನ್ನು ತೆಗೆದುಕೊಂಡು ಹೋದೆ.

ಅಲ್ಲಿ ಮಾಡಿದ ತಪ್ಪನ್ನು ನನ್ನ ಕಸುಬಿನವರು ಮಾತ್ರ ಮಾಡುತ್ತಾರೆ. "ಯಾರದ್ದು ಬಾಸ್ ಇದು?" ಅಂತ ಅವನು ಕೇಳಿದ. ಇನ್ನೊಬ್ಬರದ್ದು ಅಂದರೆ ನಿಜವಾದ ರೇಟು ಯಾರೂ ಹೇಳುವುದಿಲ್ಲ. ಕೊಡುವವನು ಅಂತ ಗೊತ್ತಾದರೆ ಮಾತ್ರ ಬಾಯಿಂದ ಸಂಖ್ಯೆ ಬರುತ್ತದೆ. ಇಪ್ಪತ್ತು ವರ್ಷದ ಅಭ್ಯಾಸ, ನಾಲಿಗೆ ತಾನೇ ಹೊರಳಿತು. "ನಂದೇ. ರೇಟು ಚೆನ್ನಾಗಿದ್ರೆ ಕೊಡುವ."

ಅವನು ಗುಂಡನ್ನು ತಿರುಗಿಸಿ ನೋಡಿದ. ತಾನು ಹೇಳುವುದಕ್ಕಿಂತ ತಿಳಿದವರಿಗೆ ತೋರಿಸುವುದು ಒಳ್ಳೆಯದು, ನಾಲ್ಕು ದಿನ ಬಿಟ್ಟು ಹೋಗಿ ಅಂದ. ಪಕ್ಕದ ಮಾಮಕ್, ಅಂದರೆ ತಮಿಳು ಮುಸ್ಲಿಮರ ಅಂಗಡಿಯ ಟೀ ತರಿಸಿ ಕೊಟ್ಟ. ಪುಕ್ಕಟೆ ಟೀ. ಅದನ್ನು ಮಾತ್ರ ಅನುಮಾನಿಸದೆ ಕುಡಿದೆ.

ಮೂರನೇ ದಿನ ಮಗಳು ಬಾಲ್ಕನಿಯಲ್ಲಿ ಹುಡುಕಿದಳು. "ಅಪ್ಪಾ, ವೇರ್ ಈಸ್ ದ ಸ್ಟೋನ್?"

ಹೇಳಿದೆ. ಅವಳು ಕಿರುಚಲಿಲ್ಲ. ಕಿರುಚಿದ್ದರೆ ಒಳ್ಳೆಯದಿತ್ತು. ಬ್ಯಾಗು ತೆಗೆದುಕೊಂಡು ನೇರ ಹೋಗಿ ವ್ಯಾನಿನಲ್ಲಿ ಕೂತಳು.

ಅಂಗಡಿಯವನು ನಗುತ್ತಲೇ ಸರೋಂಗಿನ ಗಂಟು ತಂದು ಕೈಗಿಟ್ಟ. "ತಿಳಿದವರು ನೋಡಿದ್ರು ಬಾಸ್. ವಿಶೇಷ ಏನಿಲ್ಲ ಅಂದ್ರು. ತಕೊಂಡು ಹೋಗಿ."

ಬಟ್ಟೆ ಅದೇ. ತೂಕ ಅದೇ. ಒಂದು ಕಡೆ ನುಣುಪು, ಉಳಿದ ಕಡೆ ತರಿತರಿ. ಮಗಳು ಫೋನಿನಲ್ಲಿದ್ದ ಫೋಟೋ ಪಕ್ಕ ಹಿಡಿದು ನೋಡಿ "ಓಕೆ" ಅಂದಳು. ನನಗೆ ಓಕೆ ಆಗಲಿಲ್ಲ. ವಿಶೇಷ ಏನಿಲ್ಲದ ವಸ್ತುವನ್ನು ಇವನು ಇಷ್ಟು ಜೋಪಾನವಾಗಿ ಗಂಟು ಕಟ್ಟಿ ಇಟ್ಟದ್ದು ಯಾಕೆ? ಸುತ್ತ ನೋಡಿದೆ. ಹಿಂದಿನ ಕಪಾಟಿನ ಕೆಳಗೆ ಅದೇ ಗಾತ್ರದ ನಾಲ್ಕು ಗುಂಡುಗಳು ಸಾಲಾಗಿ ಕೂತಿದ್ದವು. ಒಂದಕ್ಕೆ ಕೆಂಪು ಚೀಟಿ, ಅಂದರೆ ಗಿರಾಕಿ ಸಿಕ್ಕಾಗಿದೆ ಅಂತ.

"ಅವು ಎಂತದ್ದು?"

"ತೋಟಕ್ಕೆ ಇಡ್ತಾರೆ ಬಾಸ್. ಅಲಂಕಾರಕ್ಕೆ."

ವಾಸನೆ ನೋಡೋಣ ಅಂದರೆ ನಾನೇ ಉಜ್ಜಿ ತೊಳೆದಿದ್ದೆ. ಆಗ ನೆನಪಾದದ್ದು ನನ್ನ ವ್ಯಾನಿನ ಡಬ್ಬಿ. ಅದರಲ್ಲಿ ಯಾವಾಗಲೂ ಒಂದು ಹಿಡಿ ಅಕ್ಕಿ ಇರುತ್ತದೆ. ಹಳೆಯ ಗ್ರೈಂಡರ್ ಕೊಳ್ಳುವಾಗ ಅಕ್ಕಿ ಅರೆದು ಬಾಯಿಗೆ ಹಾಕಿ ನೋಡುವುದು ನನ್ನ ಪದ್ಧತಿ. ವರ್ಷಗಟ್ಟಲೆ ಅರೆದು ಪಳಗಿದ ಕಲ್ಲು ಹಿಟ್ಟಿಗೆ ಮರಳು ಬಿಡುವುದಿಲ್ಲ. ಹೊಸದಾಗಿ ಕಡೆದ ಕಲ್ಲು ಬಿಡದೆ ಇರುವುದಿಲ್ಲ. ಕಣ್ಣಿಗೆ ಮೋಸ ಮಾಡಬಹುದು, ಹಲ್ಲಿಗೆ ಮಾಡಲಾಗುವುದಿಲ್ಲ.

ಅವನ ಅಂಗಡಿಯಲ್ಲೇ ಸವೆದು ಕನ್ನಡಿಯಂತಾಗಿದ್ದ ಹಳೆಯ ಅರೆಯುವ ಚಪ್ಪಡಿ ಇತ್ತು. ನೀರು ತಳಿದು, ಒಂದು ಚಿಟಿಕೆ ಅಕ್ಕಿ ಹಾಕಿ, ಸರೋಂಗಿನ ಗುಂಡಿನ ನುಣುಪು ಕಡೆಯಿಂದ ಅರೆದೆ. ಬಾಯಿಗೆ ಹಾಕಿ ಕಚ್ಚಿದೆ. ಕರ್ ಅಂತು. ಮಗಳ ಕೈಗೂ ಸ್ವಲ್ಪ ಕೊಟ್ಟೆ. ಅವಳೂ ಕಚ್ಚಿ ಮುಖ ಹಿಂಡಿದಳು.

"ಬಾಸ್, ಏನು ಮಾಡ್ತಿದ್ದೀರಿ? ಇದೇನು ಅಡಿಗೆಮನೆಯಾ?"

ಚಪ್ಪಡಿ ತೊಳೆದೆ. ಕೆಂಪು ಚೀಟಿಯ ಗುಂಡನ್ನು ಎತ್ತಿ ತಂದು ಮತ್ತೆ ಅರೆದೆ. ಹಿಟ್ಟು ಬೆಣ್ಣೆಯ ಹಾಗೆ ಬಂತು. ಕಚ್ಚಿದರೆ ಸದ್ದೇ ಇಲ್ಲ.

"ಇದು," ಅಂದೆ.

ಅವನು ಸ್ವಲ್ಪವೂ ನಾಚಿಕೊಳ್ಳಲಿಲ್ಲ. "ಇದು ಮಾರಾಟ ಆಗಿದೆ ಲಾ. ಸಂಜೆ ಗಿರಾಕಿ ಬರ್ತಾನೆ. ರೇಟು ಚೆನ್ನಾಗಿದ್ರೆ ಕೊಡ್ತೀನಿ ಅಂದಿದ್ದು ನೀವೇ ಅಲ್ವಾ? ಚೆನ್ನಾಗಿದೆ. ನಿಮ್ಮ ಪಾಲು ಮುನ್ನೂರು ಕೊಡ್ತೀನಿ."

"ಇದು ನಂದಲ್ಲ. ಬೇರೆಯವರದ್ದು."

"ಅವತ್ತು ನಿಮ್ಮದು, ಇವತ್ತು ಬೇರೆಯವರದ್ದು. ನಾನು ಯಾವುದನ್ನ ನಂಬಲಿ ಬಾಸ್?"

ನನ್ನ ಹತ್ತಿರ ಒಂದು ಚೀಟಿ, ಒಂದು ಸಹಿ, ಏನೂ ಇಲ್ಲ. ಮುದುಕಿಯ ಹತ್ತಿರ ಕಾಗದ ಕೇಳಿದ ನಾನು ಇವನ ಹತ್ತಿರ ಕೇಳಿರಲಿಲ್ಲ. ಹಿಂದಿನಿಂದ ಮಗಳು ತಣ್ಣಗೆ ಅಂದಳು: "ಅಪ್ಪಾ, ಯು ಡಿಡ್ ಎ ಜೋಹೋರ್."

ಚೌಕಾಸಿಗೆ ಕೂತೆ. ಎರಡು ಸಾವಿರ ಅಂದ. ನಾನು ಇನ್ನೂರು ಅಂದೆ, ಎದ್ದು ಹೊರಟ ಹಾಗೆ ಮಾಡಿದೆ. ಅವನು ನನ್ನನ್ನು ನೋಡಲೇ ಇಲ್ಲ, ಮಗಳ ಮುಖ ನೋಡುತ್ತಿದ್ದ. ಅವಳು ಆ ಗುಂಡನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಳು, ಕಣ್ಣಲ್ಲಿ ನೀರು. ಅಂಥ ಗಿರಾಕಿಯನ್ನು ಪಕ್ಕದಲ್ಲಿಟ್ಟುಕೊಂಡು ಯಾವ ದೇವರೂ ಬೆಲೆ ಇಳಿಸಲಾರ. ಸಾವಿರದ ಇನ್ನೂರಕ್ಕೆ ನಿಂತಿತು. ದುಡ್ಡು ಎಣಿಸಿಕೊಂಡು ಅವನು ಸರೋಂಗ್ ಬಟ್ಟೆಯನ್ನು ಉಚಿತವಾಗಿ ಕೊಟ್ಟ.

ಅಲ್ಲಿಂದಲೇ ಮಲಾಕಾಕ್ಕೆ ಹೊರಟೆವು, ಗುಂಡು ಮಗಳ ಮಡಿಲಲ್ಲಿ. ಕೇರಿಯ ತಿರುವಿನಲ್ಲಿ ಅವಳದ್ದು ಒಂದೇ ವಾಕ್ಯ: "ಯು ಟೆಲ್ ಹರ್, ಆರ್ ಐ ವಿಲ್."

ನಾನೇ ಹೇಳಿದೆ. ಆ ಅಡಿಗೆಮನೆಯ ನೆಲದಲ್ಲಿ ಕೂತು, ಅವಳನ್ನು ಅನುಮಾನಿಸಿದ್ದರಿಂದ ಹಿಡಿದು ಸಾವಿರದ ಇನ್ನೂರರವರೆಗೆ, ಒಂದನ್ನೂ ಬಿಡದೆ. ಮುದುಕಿ ಗುಂಡನ್ನು ಕೈಗೆ ತೆಗೆದುಕೊಂಡಳು. ಮೂಸಿದಳು. "ನಿಂಬೆಹಣ್ಣು," ಅಂತ ಮೂಗು ಮುರಿದಳು. ಆಮೇಲೆ ಎದ್ದು, ಒಲೆಯ ಪಕ್ಕದ ತಗಡಿನ ಡಬ್ಬಿಯಿಂದ ಒಂದು ಚಿಟಿಕೆ ಅಕ್ಕಿ ತಂದು, ಚಪ್ಪಡಿಗೆ ನೀರು ತಳಿದು, ಅರೆದು, ಬಾಯಿಗೆ ಹಾಕಿಕೊಂಡಳು. ನನ್ನ ಮುಖವನ್ನೇ ನೋಡುತ್ತ ನಿಧಾನವಾಗಿ ಕಚ್ಚಿದಳು.

ನನ್ನ ಕಸುಬಿನ ಗುಟ್ಟು ಅಂತ ಇಷ್ಟು ವರ್ಷ ಜಂಬ ಕೊಚ್ಚಿಕೊಂಡದ್ದನ್ನು ಈ ಮುದುಕಿ ನನಗಿಂತ ಮೊದಲೇ ಬಲ್ಲಳು. ನಾನು ಅವಳನ್ನು ಅನುಮಾನಿಸಿದ್ದೆ ಸರಿ. ಅವಳೂ ನನ್ನನ್ನು ಮೊದಲ ದಿನದಿಂದ ಅನುಮಾನಿಸಿಯೇ ಇದ್ದಳು. ಅವಳಿಗೆ ಅದಕ್ಕೆ ಕಾಗದ ಬೇಕಾಗಿರಲಿಲ್ಲ, ಅಷ್ಟೇ. ಕರ್ ಅಂದರೆ? ನಾನೇ ಅಂಗಡಿಯಲ್ಲಿ ತಪ್ಪಿದ್ದರೆ?

ನುಂಗಿದಳು. "ಬಂತು ಲಾ," ಅಂದಳು, ಊರಿಗೆ ಹೋಗಿದ್ದವರು ವಾಪಸ್ ಬಂದ ಹಾಗೆ. ಮಗಳು ಅಲ್ಲೇ ಅವಳ ಪಕ್ಕ ಕೂತು ಅತ್ತುಬಿಟ್ಟಳು.

"ಅಳಬೇಡ ಗರ್ಲ್. ಕ್ರಿಸ್‌ಮಸ್‌ಗೆ ಇನ್ನೂ ಒಂಬತ್ತು ದಿನ ಇದೆ. ನೀನು ಹಿಂದಿನ ದಿನವೇ ಬಾ, ಮೆಣಸು ಅರೆಯೋಕೆ ಕೈ ಬೇಕು." ನನ್ನ ಕಡೆ ತಿರುಗಿದಳು. "ಸಾವಿರದ ಇನ್ನೂರಾ ಮಿಸ್ಟರ್? ನನ್ನನ್ನೇ ಕೇಳಿದ್ರೆ ಎಂಟುನೂರಕ್ಕೆ ಕೊಡ್ತಿದ್ದೆನಲ್ಲ!"

ಹೊಟ್ಟೆ ಹಿಡಿದುಕೊಂಡು ನಕ್ಕಳು. ತಮಾಷೆಯೋ ನಿಜವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಕ್ರಿಸ್‌ಮಸ್‌ನ ಹಿಂದಿನ ದಿನ ಮಗಳು ಬಸ್ಸಿನಲ್ಲಿ ಒಬ್ಬಳೇ ಹೋದಳು. ಬಿಟ್ಟು ಬರುತ್ತೇನೆ ಅಂದೆ. "ನೀವು ಬೇಡ ಅಪ್ಪಾ," ಅಂದಳು. ಕನ್ನಡದಲ್ಲೇ ಅಂದಳು, ನನಗೆ ಚೆನ್ನಾಗಿ ಅರ್ಥವಾಗಲಿ ಅಂತ. ಎರಡು ದಿನ ಬಿಟ್ಟು ಬಂದಾಗ ಅಂಗೈ ಮೆಣಸಿನಿಂದ ಕೆಂಪಾಗಿತ್ತು. ಕೈ ಉರಿಗೆ ಏನು ಹಚ್ಚಬೇಕು ಅಂತ ಕೇಳಿದಳು. ಹತ್ತು ದಿನದಲ್ಲಿ ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ. ತೆಂಗಿನೆಣ್ಣೆ ಅಂದೆ.

ಈಗ ನಿಮಗೆ ಹೇಳುವುದು. ಹಳೆಯ ರುಬ್ಬುವ ಕಲ್ಲು ಕೊಳ್ಳುವಾಗ ಜೇಬಿನಲ್ಲಿ ಒಂದು ಚಿಟಿಕೆ ಅಕ್ಕಿ ಇಟ್ಟುಕೊಂಡು ಹೋಗಿ, ಅರೆದು ಕಚ್ಚಿ ನೋಡಿ, ಮಾರುವವನು ಏನಾದರೂ ಅಂದುಕೊಳ್ಳಲಿ. ಕರ್ ಅಂದರೆ ಬಿಟ್ಟು ಬನ್ನಿ. ಬೇಕೇ ಬೇಕು ಅನ್ನಿಸಿದರೆ, ನಾಲ್ಕಾರು ಸಲ ಬರಿ ಅಕ್ಕಿ ಅರೆದು ಚೆಲ್ಲುವ ಶ್ರಮವನ್ನು ಬೆಲೆಯಲ್ಲಿ ಇಳಿಸಿ. ಮನಸ್ಸು ಬೇಗ ಕರಗುವವರನ್ನು ಚೌಕಾಸಿಗೆ ಕರೆದುಕೊಂಡು ಹೋಗಬೇಡಿ, ವ್ಯಾನಿನಲ್ಲೇ ಕೂರಿಸಿ. ಎರವಲು ತಂದ ವಸ್ತುವನ್ನು, ಬರಿ ರೇಟು ತಿಳಿಯಲಿಕ್ಕೂ, ನನ್ನದು ಅಂತ ಹೇಳಬೇಡಿ. ಒಬ್ಬರ ಮೇಲೆ ಅನುಮಾನ ಬಂದರೆ ಅವರೆದುರೇ ಕೂತು ಕೇಳಿ. ಮೂರನೆಯವನನ್ನು ಕರೆಯಲೇಬೇಕಾದರೆ, ಅವನ ಟೀ ಕುಡಿಯುವ ಮೊದಲು ಅವನಿಂದ ರಸೀದಿ ಬರೆಸಿಕೊಳ್ಳಿ. ಮತ್ತೆ, ಬೇರೆಯವರ ಕಲ್ಲನ್ನು ಸೋಪು ಹಾಕಿ ತೊಳೆಯಬೇಡಿ.